ದೀಪ ಹಚ್ಚುವ ಹೊತ್ತು ಮನೆಯವರಿಗಿರಲಿ

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿ ಮೋಹಿತ್ಯಾಂಚೆ ವಡಗಾಂವ್ ಅಂತ ಒಂದು ಊರಿದೆ. ಅಲ್ಲಿ ಸಂಜೆ 7 ಗಂಟೆಗೆ ದೇವಸ್ಥಾನದ ಮೇಲಿನ ಸೈರನ್ ಕೂಗಿದರೆ ಸಾಕು, ಮನೆಮನೆಯಲ್ಲೂ ಟಿವಿ ಬಂದ್, ಮೊಬೈಲೂ ಬಂದ್. ಮುಂದಿನ ಒಂದೂವರೆ ಗಂಟೆ ಓದು, ಮಾತುಕತೆ. ಕೊರೊನಾ ಕಾಲದ ಆನ್‌ಲೈನ್ ಪಾಠದಿಂದ ಮಕ್ಕಳ ಕೈಗಂಟಿದ ಮೊಬೈಲ್ ಬಿಡಿಸಲು 2022ರಲ್ಲಿ ಊರಿನವರೇ ಮಾಡಿಕೊಂಡ ಏರ್ಪಾಡು ಇದು. ನಮ್ಮ ಬೆಳಗಾವಿ ಜಿಲ್ಲೆಯ ಹಲಗಾ ಗ್ರಾಮದಲ್ಲೂ ಆಮೇಲೆ ಇಂಥದ್ದೇ ಸೈರನ್ ಬಂತು. ಅಲ್ಲಿ 7ರಿಂದ 9ರವರೆಗೆ.

ಈ ಊರುಗಳ ಜಾಣತನ ಇರುವುದು ಸೈರನ್‌ನಲ್ಲಲ್ಲ, ನಿಯಮ ಎಲ್ಲರಿಗೂ ಒಂದೇ ಎಂಬುದರಲ್ಲಿ. ನಮ್ಮ ಮನೆಗಳಲ್ಲಿ ಆಗೋದೇನು? "ಫೋನ್ ಇಡೋ, ಓದ್ಕೋ" ಅಂತ ಗದರುವ ಅಪ್ಪನ ಕೈಯಲ್ಲೇ ಫೋನು. ಅಮ್ಮ ಒಲೆ ಮುಂದೆ ರೀಲ್ಸ್, ಅಜ್ಜಿ ವಾಟ್ಸಾಪ್‌ನಲ್ಲಿ ಶುಭ ಸಂಜೆ. ಹೀಗಿರುವಾಗ ಮಗು ಯಾರ ಮಾತು ಕೇಳಬೇಕು?

ಹಾಗಂತ ಫೋನು ಶತ್ರುವೇನಲ್ಲ. ದೂರದೇಶದ ಮೊಮ್ಮಗುವಿನ ಮುಖ ತೋರಿಸುವುದು ಅದೇ, ಕರೆಂಟ್ ಬಿಲ್ ಕಟ್ಟುವುದೂ ಅದೇ, ದಾಸರ ಪದ ಕೇಳಿಸುವುದೂ ಅದೇ. ಆದರೆ ಅದಕ್ಕೂ ಒಂದು ಹೊತ್ತು, ಒಂದು ಜಾಗ ಇರಬೇಕು. ಮುಜರಾಯಿ ಇಲಾಖೆ 2023ರ ಜುಲೈನಲ್ಲಿ ತನ್ನ ದೇವಸ್ಥಾನಗಳೊಳಗೆ ಮೊಬೈಲ್ ಬಳಕೆ ನಿಷೇಧಿಸಿತು. ಗುಡಿಗೆ ಬೇಡವಾದ ಗದ್ದಲ ದೇವರ ಕೋಣೆಗೆ ಮಾತ್ರ ಯಾಕೆ?

ಹೊತ್ತನ್ನು ಹೊಸದಾಗಿ ಹುಡುಕಬೇಕಿಲ್ಲ. ದೀಪ ಹಚ್ಚುವ ಹೊತ್ತು, ಮಗ್ರಿಬ್ ನಮಾಜಿನ ಹೊತ್ತು, ಕ್ರೈಸ್ತರ ಮನೆಯ ಸಂಜೆಯ ಜಪಸರದ ಹೊತ್ತು – ಹಿರಿಯರು ಮೊದಲೇ ಗೊತ್ತುಮಾಡಿಟ್ಟಿದ್ದಾರೆ. ಅದಕ್ಕೆ ಊಟದ ಹೊತ್ತನ್ನು ಸೇರಿಸಿಕೊಂಡರಾಯಿತು.

ಹೀಗೆ ಮಾಡಿ ನೋಡಿ:

* ನಡುಮನೆಯಲ್ಲಿ ಒಂದು ಬುಟ್ಟಿ ಇಡಿ. ಹೊತ್ತಾದ ಕೂಡಲೇ ಎಲ್ಲರ ಫೋನೂ ಅದರೊಳಗೆ, ಮೊದಲು ದೊಡ್ಡವರದ್ದು.

* "ಆಫೀಸಿಂದ ಫೋನ್ ಬಂದ್ರೆ?" ಅನ್ನುವವರು 'ಡು ನಾಟ್ ಡಿಸ್ಟರ್ಬ್' ಹಾಕಿ, ಬೇಕಾದ ನಾಲ್ಕು ನಂಬರ್‌ಗಳಿಗಷ್ಟೇ ಅನುಮತಿ ಕೊಡಿ. ವಯಸ್ಸಾದ ಅಪ್ಪ-ಅಮ್ಮ ಬೇರೆ ಊರಿನಲ್ಲಿದ್ದರೆ ಅವರ ನಂಬರ್ ಮರೆಯಬೇಡಿ.

* ಫೋನ್ ತೋರಿಸುತ್ತಾ ಮಗುವಿಗೆ ತುತ್ತು ಕೊಡುವುದನ್ನು ಬಿಡಿ. ವರ್ಷ ತುಂಬದ ಕೂಸಿಗೆ ಪರದೆ ಬೇಡವೇ ಬೇಡ, 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ.

* ಮೊದಲ ವಾರ ಅರ್ಧ ಗಂಟೆ ಸಾಕು. ಆನ್‌ಲೈನ್ ಹೋಂವರ್ಕ್ ಇದ್ದರೆ ಆ ಹೊತ್ತಿಗೆ ಮುಂಚೆಯೋ ಆಮೇಲೋ ಮುಗಿಸಲಿ.

ಮೊದಲೆರಡು ದಿನ ಕಷ್ಟವೇ. ಏನು ಮಾತಾಡೋದು ಅಂತಲೇ ತೋಚದೆ ಎಲ್ಲರೂ ಸುಮ್ಮನೆ ಕೂರಬಹುದು. ಗಾಬರಿ ಬೇಡ. ಹೂ ಕಟ್ಟುತ್ತಾ, ಬಟಾಣಿ ಬಿಡಿಸುತ್ತಾ ಕೂತರೆ ಮಾತು ತಾನಾಗಿ ಬರುತ್ತೆ. ಮಕ್ಕಳನ್ನು "ಎಷ್ಟು ಮಾರ್ಕ್ಸ್ ಬಂತು?" ಅನ್ನುವ ಬದಲು "ಇವತ್ತು ಯಾರ ಜೊತೆ ಆಡಿದೆ?" ಅಂತ ಕೇಳಿ. ಶಾಲೆಯಲ್ಲಿ ಯಾರೋ ರೇಗಿಸಿದ್ದು, ಹೊಟ್ಟೆಯೊಳಗೆ ಅವಿತಿಟ್ಟ ಭಯ – ಇಂಥವನ್ನು ಮಕ್ಕಳು ಕರೆದು ಕೂರಿಸಿ ಹೇಳುವುದಿಲ್ಲ. ನಾವು ಬಿಡುವಾಗಿ ಪಕ್ಕದಲ್ಲಿದ್ದಾಗ ಮಾತಿನ ಮಧ್ಯೆ ಹೇಳಿಬಿಡುತ್ತಾರೆ. ಆಗ ನಮ್ಮ ಕಣ್ಣು ಪರದೆಯ ಮೇಲಿರಬಾರದು, ಅಷ್ಟೇ.

ನಿಮ್ಮ ಮನೆಗೆ ಯಾವ ಹೊತ್ತು ಹೊಂದುತ್ತೆ? ಇವತ್ತು ಊಟಕ್ಕೆ ಕೂತಾಗ ಎಲ್ಲರೂ ಸೇರಿ ಗೊತ್ತುಮಾಡಿ. ಮಕ್ಕಳ ಮಾತನ್ನೂ ಕೇಳಿ. ತಾವೇ ಒಪ್ಪಿದ ನಿಯಮವಾದರೆ ದೊಡ್ಡವರು ತಪ್ಪಿದಾಗ ಅವರೇ ಎಚ್ಚರಿಸುತ್ತಾರೆ.