ಕಾಲು ತೋಯದೆ ಕೃಷ್ಣೆಯ ತಳಕ್ಕೆ!

ಒಂದು ಪ್ರಶ್ನೆ ಕೇಳಲೇ? ತುಂಬಿ ನಿಂತ ಕೃಷ್ಣೆಯ ತಳಕ್ಕೆ ಇಳಿಯಬೇಕು. ಈಜುವಂತಿಲ್ಲ. ದೋಣಿ ಹತ್ತುವಂತಿಲ್ಲ. ಅಂಗಾಲು ಕೂಡ ತೋಯಬಾರದು. ಆದೀತೇ?

ಆಗುತ್ತದೆ! ಹೇಗೆ ಅಂತ ಯೋಚಿಸುತ್ತಿರಿ. ಅಷ್ಟರಲ್ಲಿ ಮನಗೂಳಿಗೆ ಬನ್ನಿ.

ವಿಜಯಪುರದಿಂದ ಹೊಸಪೇಟೆಯ ಹೆದ್ದಾರಿ ಹಿಡಿದರೆ ಸಿಗುವ ಊರಿದು. ಎಡಕ್ಕೂ ಬಲಕ್ಕೂ ಎರಿ ಹೊಲ. ಹಿಂಗಾರಿಯಲ್ಲಿ ಬಂದರೆ ಕಣ್ಣು ಹರಿದಷ್ಟೂ ಬಿಳಿಜೋಳ, ಕಡಲೆ. ಬಸ್ಸಿನ ಕಿಟಕಿಯಿಂದ ನೋಡಿ, ಇಲ್ಲೇನಿದೆ ಅಂತ ಮುಂದೆ ಹೋಗಿಬಿಡುತ್ತೇವೆ. ಎಂಥ ಅನ್ಯಾಯ!

ಈ ಊರಿನ ಒಂದು ಶಾಸನದ ವಯಸ್ಸು ಹೇಳಿ ನೋಡೋಣ. ಮುನ್ನೂರು ವರ್ಷ? ಐನೂರು? ಇನ್ನೂ ಹಿಂದೆ ಹೋಗಿ. 1161! ಕಲಚುರಿ ಬಿಜ್ಜಳ ಆಳುತ್ತಿದ್ದ ಕಾಲ. ಕಲ್ಯಾಣದಲ್ಲಿ ಬಸವಣ್ಣ ಇದ್ದ ಕಾಲ!

ತಾಳಿ, ಮುಗಿದಿಲ್ಲ. ಆ ಶಾಸನದಲ್ಲಿ ಬಸವ ಅನ್ನುವ ಹೆಸರು ಬರುತ್ತದೆ! ಬಸವಣ್ಣನ ತಂದೆಯ ಹೆಸರಾದ ಮಾದಿರಾಜ ಅನ್ನುವುದೂ ಬರುತ್ತದೆ! ಜೆ. ಎಫ್. ಫ್ಲೀಟ್ ಇದನ್ನು ಓದಿ ಪ್ರಕಟಿಸಿದ ಮೇಲೆ, ಈ ಬಸವ ನಮ್ಮ ಬಸವಣ್ಣನೇ ಏನು ಅನ್ನುವ ದೊಡ್ಡ ಚರ್ಚೆ ಎದ್ದಿತು. ವಿದ್ವಾಂಸರೆಲ್ಲ ಒಪ್ಪಲಿಲ್ಲ. ಒಪ್ಪದಿದ್ದರೇನಂತೆ! ಆ ಕಾಲದಲ್ಲಿ, ಬಸವಣ್ಣನ ಬಾಗೇವಾಡಿಯ ಮಗ್ಗುಲಲ್ಲೇ, ಆ ಹೆಸರು ಕಲ್ಲಿಗೆ ಇಳಿದಿದೆಯಲ್ಲ, ನನಗೆ ಅಷ್ಟಕ್ಕೇ ಮೈ ಜುಮ್ಮೆನ್ನುತ್ತದೆ.

ವಿಜಯಪುರ ಕೋಟೆಯ ಒಂದು ಹೆಬ್ಬಾಗಿಲಿಗೂ ಇದೇ ಊರಿನ ಹೆಸರು. ಮನಗೂಳಿ ಅಗಸಿ! 1686ರಲ್ಲಿ ಕೋಟೆ ಗೆದ್ದ ಔರಂಗಜೇಬ ಒಳಗೆ ಕಾಲಿಟ್ಟದ್ದು ಇದೇ ಅಗಸಿಯಿಂದ ಎನ್ನುತ್ತಾರೆ.

ಈಗ ಬಸವನಬಾಗೇವಾಡಿ. ದೂರವೇನಿಲ್ಲ, ಮನಗೂಳಿಯಿಂದ 20 ಕಿ.ಮೀ. ಆಸುಪಾಸು. ಬಸವಣ್ಣ ಹುಟ್ಟಿದ ಊರು. ಶಿವನ ಗುಡಿಯಲ್ಲಿ ನಂದಿ ಎಲ್ಲಿ ಕೂತಿರುತ್ತಾನೆ? ಹೊರಗೆ, ಲಿಂಗಕ್ಕೆ ಮುಖ ಮಾಡಿ, ಅಲ್ಲವೇ? ಇಲ್ಲಿ ಗುಡಿಯ ಒಡೆಯನೇ ನಂದಿ! ಮೂಲ ನಂದೀಶ್ವರ! ತಾಯಿ ಮಾದಲಾಂಬಿಕೆ ಈ ನಂದಿಗೆ ನಡೆದುಕೊಂಡೇ ಮಗನನ್ನು ಪಡೆದಳು ಅನ್ನುವುದು ಊರವರ ನಂಬಿಕೆ. ಆಕೆಯ ತವರು ಇಂಗಳೇಶ್ವರವೂ ಇದೇ ತಾಲ್ಲೂಕಿನಲ್ಲಿದೆ. ಅಲ್ಲಿ ವಚನಗಳನ್ನು ಓದುವುದು ಪುಸ್ತಕದಲ್ಲಲ್ಲ, ಕಲ್ಲಿನಲ್ಲಿ! ವಚನ ಶಿಲಾಮಂಟಪದ ಕಲ್ಲುಗಳಿಗೆ ಬೆರಳು ಹಚ್ಚಿ, ಅಕ್ಷರ ಅಕ್ಷರ ತಡವಿ ಓದಿ.

ದಕ್ಷಿಣಕ್ಕೆ ಇಳಿದರೆ ಆಲಮಟ್ಟಿ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಇಟ್ಟ ಅಣೆಕಟ್ಟು. ಗೇಟು ಎಷ್ಟು? 26! ಹಿಡಿಯುವ ನೀರು ಎಷ್ಟು? 519.60 ಮೀಟರ್ ಮಟ್ಟದಲ್ಲಿ ಸುಮಾರು 123 ಟಿಎಂಸಿ!

ಸರಿ, ಸಂಗಮಕ್ಕೆ ಬಂದೆವು. ಕೂಡಲಸಂಗಮ! ಕೃಷ್ಣೆ, ಮಲಪ್ರಭೆ ಎರಡೂ ಕೂಡುವ ಜಾಗ. ಉಪನಯನ ಬೇಡವೆಂದು ಮನೆ ಬಿಟ್ಟ ಹುಡುಗ ಬಸವಣ್ಣ ಬಂದದ್ದು ಇಲ್ಲಿಗೆ. ಜಾತವೇದ ಮುನಿಗಳ ಹತ್ತಿರ ಕಲಿತದ್ದು ಇಲ್ಲಿ. ತನ್ನ ಒಂದೊಂದು ವಚನಕ್ಕೂ ಅಂಕಿತವಾಗಿ ಇಟ್ಟುಕೊಂಡದ್ದು ಇಲ್ಲಿಯ ದೇವರು ಸಂಗಮನಾಥನ ಹೆಸರನ್ನು. ಕಲ್ಯಾಣ ಬಿಟ್ಟು ಕೊನೆಗೆ ಐಕ್ಯವಾದದ್ದೂ ಇಲ್ಲೇ!

ಚಾಲುಕ್ಯ ಶೈಲಿಯ ಸಂಗಮನಾಥನ ಗುಡಿ ನೋಡಿ, ಹೊಳೆಯ ಕಡೆ ತಿರುಗಿ. ಐಕ್ಯಸ್ಥಳ ಎಲ್ಲಿ? ನೀರಿನಲ್ಲಿ!

ನಾರಾಯಣಪುರದ ಅಣೆಕಟ್ಟು ಎದ್ದಿತು. ಹಿನ್ನೀರು ಏರಿತು. ಐಕ್ಯಮಂಟಪ ಮುಳುಗುವುದು ಖಂಡಿತ! ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಕಲ್ಲು ಬಿಚ್ಚಿ ಮೇಲೆ ತಂದು ಕಟ್ಟುತ್ತಿದ್ದಿರಾ? ಆದರೆ ಐಕ್ಯವಾದ ಜಾಗವನ್ನು ಎತ್ತಿಕೊಂಡು ಬರುವುದು ಹೇಗೆ? ಹೀಗಾಗಿ ಮಂಟಪವನ್ನು ಅಲುಗಿಸಲೇ ಇಲ್ಲ. ಸುತ್ತಲೂ ದುಂಡಗೆ ಗಟ್ಟಿ ಗೋಡೆ ಎಬ್ಬಿಸಿದರು! ಬಾವಿಯನ್ನು ಒಳಹೊರಗು ಮಾಡಿದಂತೆ: ನೀರು ಹೊರಗೆ, ನಾವು ಒಳಗೆ!

ಸೇತುವೆಯ ಮೇಲೆ ನಡೆಯಿರಿ. ಎರಡೂ ಕಡೆ ನೀರು. ಗೋಡೆಯ ಬಾಯಿಗೆ ಬಂದು ಬಗ್ಗಿ ನೋಡಿ. ಮೆಟ್ಟಿಲು! ಇಳಿಯಿರಿ. ಇನ್ನೂ ಇಳಿಯಿರಿ. ಹೊರಗಿನ ಬಿಸಿಲು ಮೇಲೆಯೇ ಉಳಿಯಿತು. ಮಾತಾಡಿದರೆ ದನಿ ಗೋಡೆಗೆ ಬಡಿದು ತಿರುಗಿ ಬರುತ್ತದೆ. ಗೋಡೆಗೆ ಅಂಗೈ ಇಡಿ. ತಣ್ಣಗಿದೆ, ಅಲ್ಲವೇ? ಆಚೆ ಬದಿಗೆ ಹೊಳೆ ನಿಂತಿದೆ, ನಿಮ್ಮ ತಲೆಗಿಂತ ಎತ್ತರಕ್ಕೆ! ತಳದಲ್ಲಿ ಪುಟ್ಟ ಮಂಟಪ. ಒಳಗೆ ಲಿಂಗ. ಜನ ಸಾಲಾಗಿ ಬಂದು ಹಣೆ ಮುಟ್ಟಿಸುತ್ತಾರೆ, ಮೇಲೇಳಲು ಮನಸ್ಸೇ ಬಾರದವರಂತೆ ಕೂರುತ್ತಾರೆ. ನಿಮ್ಮ ಕಾಲು ನೋಡಿಕೊಳ್ಳಿ. ಒಂದು ಹನಿ ನೀರಿಲ್ಲ!

ಕೃಷ್ಣೆಯ ಆಚೆ ದಂಡೆಗೆ ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿ. ಶರಣ ಹಡಪದ ಅಪ್ಪಣ್ಣನ ಜೊತೆ ಕಲ್ಯಾಣದಿಂದ ಹೊರಟ ಬಸವಣ್ಣನ ಹೆಂಡತಿ ನೀಲಮ್ಮ ಇಲ್ಲಿಯವರೆಗೆ ಬಂದಳು. ಬಸವಣ್ಣ ಐಕ್ಯವಾದ ಸುದ್ದಿ ತಿಳಿಯಿತು. ಹೊಳೆ ದಾಟಲಿಲ್ಲ, ಇಲ್ಲೇ ಐಕ್ಯವಾದಳು. ಗಂಡನದು ಆ ದಂಡೆ, ಹೆಂಡತಿಯದು ಈ ದಂಡೆ. ನಡುವೆ ಕೃಷ್ಣೆ!

ತಂಗಡಗಿ ಅಂದಾಗ ಶಾಲೆಯ ಇತಿಹಾಸದ ಪಾಠ ನೆನಪಾಯಿತೇ? ರಕ್ಕಸಗಿ-ತಂಗಡಗಿ! ಅದೇ ತಂಗಡಗಿ! 1565ರ ಜನವರಿಯಲ್ಲಿ ಅಳಿಯ ರಾಮರಾಯ ತಲೆ ಕಳೆದುಕೊಂಡ, ವಿಜಯನಗರದ ಬೆನ್ನು ಮುರಿದ ಕದನ. ನಾವು ತಾಳಿಕೋಟೆ ಯುದ್ಧ ಅಂತ ಬಾಯಿಪಾಠ ಮಾಡಿದೆವಲ್ಲ, ಅದಕ್ಕೆ ಇನ್ನೊಂದು ಹೆಸರು ಕೊಟ್ಟದ್ದು ಈ ಊರೇ!

ಯಾವಾಗ ಹೋಗಬೇಕು? ನನ್ನನ್ನು ಕೇಳಿದರೆ ಶ್ರಾವಣ. ಬಾಗೇವಾಡಿಯಲ್ಲಿ ನಂದೀಶ್ವರನ ಜಾತ್ರೆ! ಘಟ್ಟದಲ್ಲಿ ಮಳೆ ಚೆನ್ನಾಗಿದ್ದರೆ ಆಲಮಟ್ಟಿಯ ಗೇಟು ತೆರೆದಿರುತ್ತವೆ! ಸಂಗಮದಲ್ಲಿ ಗೋಡೆಯ ಸುತ್ತ ತುಂಬಿದ ಹೊಳೆ! ಮಹಾಪೂರದ ದಿನಗಳಲ್ಲಿ ಮಾತ್ರ ಮೊದಲೇ ವಿಚಾರಿಸಿಕೊಳ್ಳಿ. ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಬುತ್ತಿ ಕಟ್ಟಿಕೊಂಡು ನಸುಕಿನಲ್ಲೇ ಹೊರಡಿ. ಮನೆಯ ಹಿರಿಯರನ್ನು ಬಿಟ್ಟು ಹೋಗಬೇಡಿ!