ವಿಮಾನ ನಿರ್ವಹಣಾ ಇಂಜಿನಿಯರಿಂಗ್ ತರಬೇತಿ ಸಂಸ್ಥೆಗಳ ಅನುಮೋದನೆ ಮತ್ತು ದಾಖಲೆಗಳು: ಸಾರ್ವಜನಿಕ ಮಾಹಿತಿ

ವಿಮಾನಗಳ ನಿರ್ವಹಣೆ ಹಾಗೂ ದುರಸ್ತಿ ಕಾರ್ಯದಲ್ಲಿ ತರಬೇತಿ ಪಡೆಯಲು ಇಚ್ಛಿಸುವ ವಿದ್ಯಾರ್ಥಿಗಳ ಮತ್ತು ಅವರ ಪೋಷಕರ ಅವಗಾಹನೆಗಾಗಿ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ. ದ್ವಿತೀಯ ಪಿಯುಸಿ ಫಲಿತಾಂಶ ಹೊರಬೀಳುವ ದಿನಗಳಲ್ಲಿ ಇಂತಹ ತರಬೇತಿಯ ಜಾಹೀರಾತುಗಳು ಹೆಚ್ಚಾಗಿ ಕಂಡುಬರುತ್ತವೆ. ಅವುಗಳಲ್ಲಿ ‘ಸರ್ಕಾರದಿಂದ ಮಾನ್ಯತೆ ಪಡೆದಿದೆ’ ಎಂಬ ಒಂದು ಸಾಲು ಇದ್ದೇ ಇರುತ್ತದೆ. ಯಾವ ಸರ್ಕಾರ, ಯಾವ ಪ್ರಾಧಿಕಾರ, ಯಾವ ಕೋರ್ಸಿಗೆ ಎಂಬುದನ್ನು ಮಾತ್ರ ಬಹುತೇಕ ಹೇಳಿರುವುದಿಲ್ಲ.

ಸಂವಿಧಾನದ ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯ 29ನೇ ನಮೂದಿನಲ್ಲಿ ವಿಮಾನಯಾನದ ಜೊತೆಗೆ ವೈಮಾನಿಕ ಶಿಕ್ಷಣ ಹಾಗೂ ತರಬೇತಿಯನ್ನೂ, ರಾಜ್ಯಗಳು ಮತ್ತು ಇತರ ಸಂಸ್ಥೆಗಳು ನೀಡುವ ಅಂತಹ ತರಬೇತಿಯ ನಿಯಂತ್ರಣವನ್ನೂ ಸ್ಪಷ್ಟವಾಗಿ ಸೇರಿಸಲಾಗಿದೆ. ಆದುದರಿಂದ ವಿಮಾನ ನಿರ್ವಹಣಾ ಇಂಜಿನಿಯರ್ ಲೈಸೆನ್ಸಿಗೆ ಸಂಬಂಧಪಟ್ಟ ತರಬೇತಿ ಸಂಸ್ಥೆಗೆ ಅನುಮೋದನೆ ನೀಡುವ ಅಧಿಕಾರ ರಾಜ್ಯ ಸರ್ಕಾರದ ಯಾವುದೇ ಇಲಾಖೆಗೆ ಇರುವುದಿಲ್ಲ. ಸೊಸೈಟಿ ಅಥವಾ ಟ್ರಸ್ಟ್ ನೋಂದಣಿ, ಸ್ಥಳೀಯ ಸಂಸ್ಥೆಯ ಪರವಾನಗಿ, ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರ ಇವೆಲ್ಲವೂ ಕಟ್ಟಡಕ್ಕೆ ಮತ್ತು ಆಡಳಿತ ಮಂಡಳಿಗೆ ಸಂಬಂಧಿಸಿದವು. ಇವು ಕ್ರಮಬದ್ಧವಾಗಿರುವುದು ಒಳ್ಳೆಯದೇ, ಆದರೆ ಇವುಗಳಿಂದ ತರಬೇತಿಗೆ ಮಾನ್ಯತೆ ಲಭಿಸುವುದಿಲ್ಲ. ವಿಶ್ವವಿದ್ಯಾಲಯದ ಸಂಯೋಜನೆಯೂ ಹಾಗೆಯೇ. ಅದರಿಂದ ಪದವಿ ದೊರೆಯಬಹುದು, ಲೈಸೆನ್ಸ್ ದೊರೆಯುವುದಿಲ್ಲ. ಏರೋನಾಟಿಕಲ್ ಇಂಜಿನಿಯರಿಂಗ್ ಪದವೀಧರರಾದರೂ ಲೈಸೆನ್ಸ್ ಇಲ್ಲದೆ ವಿಮಾನವನ್ನು ಸೇವೆಗೆ ಬಿಡುಗಡೆ ಮಾಡುವ ಪತ್ರಕ್ಕೆ ಸಹಿ ಹಾಕಲು ಬರುವುದಿಲ್ಲ.

ಅನುಮೋದನೆ ನೀಡುವ ಪ್ರಾಧಿಕಾರವು ಕೇಂದ್ರದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿ.ಜಿ.ಸಿ.ಎ. ಈ ನಿರ್ದೇಶನಾಲಯಕ್ಕೆ 2020ರ ತಿದ್ದುಪಡಿ ಕಾಯ್ದೆಯ ಮೂಲಕ ಶಾಸನಬದ್ಧ ಸ್ಥಾನ ದೊರೆಯಿತು. 1934ರ ವಿಮಾನ ಕಾಯ್ದೆಯ ಸ್ಥಾನದಲ್ಲಿ 2024ರ ಭಾರತೀಯ ವಾಯುಯಾನ ಅಧಿನಿಯಮವು 2025ರ ಜನವರಿ 1ರಿಂದ ಜಾರಿಗೆ ಬಂದಿದೆ. ಕಾಯ್ದೆ ಬದಲಾದ ಮಾತ್ರಕ್ಕೆ ಹಿಂದೆ ನೀಡಿದ ಲೈಸೆನ್ಸ್ ಮತ್ತು ಅನುಮೋದನೆಗಳು ತಾವಾಗಿಯೇ ರದ್ದಾಗಲಿಲ್ಲ ಎಂಬುದನ್ನು ಇಲ್ಲಿಯೇ ಸ್ಪಷ್ಟಪಡಿಸಲಾಗಿದೆ. ಲೈಸೆನ್ಸಿನ ವಿಧಿವಿಧಾನಗಳು ಸಿ.ಎ.ಆರ್.-66 ಎಂಬ ನಾಗರಿಕ ವಿಮಾನಯಾನ ಅಗತ್ಯತೆಯಲ್ಲಿಯೂ, ಮೂಲ ತರಬೇತಿ ನೀಡುವ ಸಂಸ್ಥೆಗಳ ವಿಧಿವಿಧಾನಗಳು ಸಿ.ಎ.ಆರ್.-147 ಬೇಸಿಕ್ ಎಂಬುದರಲ್ಲಿಯೂ ಇವೆ. ನಿರ್ದಿಷ್ಟ ಮಾದರಿಯ ವಿಮಾನದ ಮೇಲೆ ನೀಡುವ ತರಬೇತಿಗೆ ಸಿ.ಎ.ಆರ್.-147 ಟೈಪ್ ಎಂಬ ಬೇರೆ ಅನುಮೋದನೆ ಇದೆ. ಒಂದು ಇದ್ದ ಮಾತ್ರಕ್ಕೆ ಇನ್ನೊಂದು ಇದೆ ಎಂದು ಭಾವಿಸಬಾರದು.

ಅನುಮೋದನೆ ಫಲಕಕ್ಕಲ್ಲ, ಕೋರ್ಸಿಗೆ

ಸಾರ್ವಜನಿಕರು ಮುಖ್ಯವಾಗಿ ತಿಳಿಯಬೇಕಾದ ಅಂಶವೊಂದಿದೆ. ಅನುಮೋದನಾ ಪತ್ರವು ಸಂಸ್ಥೆಯ ಹೆಸರಿಗೆ ಸಾರಾಸಗಟಾಗಿ ನೀಡುವ ಪ್ರಶಸ್ತಿಯಲ್ಲ. ಯಾವ ವಿಳಾಸದಲ್ಲಿ, ಯಾವ ವರ್ಗದ ಲೈಸೆನ್ಸಿಗೆ, ಯಾವ ಅವಧಿಗೆ ತರಬೇತಿ ನೀಡಬಹುದು ಎಂಬುದಕ್ಕೆ ಅದು ಸೀಮಿತ. ಟರ್ಬೈನ್ ಇಂಜಿನ್ನಿನ ವಿಮಾನಗಳಿಗೆ ಬಿ1.1, ಪಿಸ್ಟನ್ ಇಂಜಿನ್ನಿನ ವಿಮಾನಗಳಿಗೆ ಬಿ1.2, ಟರ್ಬೈನ್ ಹೆಲಿಕಾಪ್ಟರುಗಳಿಗೆ ಬಿ1.3, ಪಿಸ್ಟನ್ ಹೆಲಿಕಾಪ್ಟರುಗಳಿಗೆ ಬಿ1.4, ವಿದ್ಯುನ್ಮಾನ ಹಾಗೂ ವಿದ್ಯುತ್ ವ್ಯವಸ್ಥೆಗಳಿಗೆ ಬಿ2 ಎಂಬ ವಿಭಾಗಗಳಿವೆ. ಕೇವಲ ಬಿ1.1 ವರ್ಗಕ್ಕೆ ಅನುಮೋದನೆ ಪಡೆದ ಸಂಸ್ಥೆಯು ಬಿ2 ವರ್ಗಕ್ಕೂ ವಿದ್ಯಾರ್ಥಿಗಳನ್ನು ಸೇರಿಸಿಕೊಂಡರೆ, ಸಂಸ್ಥೆ ‘ಅನುಮೋದಿತ’ ಎಂಬುದು ನಿಜವೇ ಆದರೂ ಆ ವಿದ್ಯಾರ್ಥಿಗಳ ಕೋರ್ಸ್ ಅನುಮೋದಿತವಲ್ಲ. ಒಂದು ಊರಿನ ಅನುಮೋದನೆಯನ್ನು ತೋರಿಸಿ ಮತ್ತೊಂದು ಊರಿನ ಶಾಖೆಯಲ್ಲಿ ಪ್ರವೇಶ ನೀಡುವುದೂ ಇದೇ ಬಗೆಯದು.

ಇದರಿಂದ ಆಗುವ ನಷ್ಟವು ಶುಲ್ಕದ ಮೊತ್ತಕ್ಕೆ ಸೀಮಿತವಲ್ಲ. ಬಿ1.1 ಅಥವಾ ಬಿ2 ಲೈಸೆನ್ಸಿಗೆ ಅನುಮೋದಿತ ಮೂಲ ಕೋರ್ಸನ್ನು ಪೂರ್ಣಗೊಳಿಸಿದವರಿಗೆ ಕಾರ್ಯನಿರತ ವಿಮಾನಗಳ ಮೇಲೆ 2 ವರ್ಷಗಳ ಪ್ರಾಯೋಗಿಕ ಅನುಭವ ಸಾಕಾಗುತ್ತದೆ. ಅನುಮೋದಿತ ಕೋರ್ಸಾಗಲಿ, ಸಂಬಂಧಪಟ್ಟ ಬೇರೆ ತಾಂತ್ರಿಕ ತರಬೇತಿಯಾಗಲಿ ಇಲ್ಲದವರಿಗೆ 5 ವರ್ಷಗಳ ಅನುಭವ ಬೇಕು. ಅಂದರೆ ತರಗತಿಯಲ್ಲಿ ಕುಳಿತ ವರ್ಷಗಳೂ ಲೆಕ್ಕಕ್ಕೆ ಬರುವುದಿಲ್ಲ, ಅನುಭವದ ಅವಧಿಯೂ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. ಲೈಸೆನ್ಸ್ ಇಲ್ಲದ ಹುಡುಗನನ್ನು ಅನುಭವಕ್ಕಾಗಿ ಸೇರಿಸಿಕೊಳ್ಳುವ ನಿರ್ವಹಣಾ ಸಂಸ್ಥೆ ಸಿಗುವುದು ಎಷ್ಟು ಕಷ್ಟ ಎಂಬುದನ್ನು ಆ ಮಾರ್ಗದಲ್ಲಿ ಹೋದವರೇ ಬಲ್ಲರು.

ಸಂಸ್ಥೆಯು ಸಲ್ಲಿಸಬೇಕಾದ ಮತ್ತು ಕಾಪಾಡಬೇಕಾದ ದಾಖಲೆಗಳು

ಅನುಮೋದನೆ ಕೋರುವ ಸಂಸ್ಥೆಯು ನಿಗದಿತ ನಮೂನೆಯ ಅರ್ಜಿಯೊಡನೆ ‘ಎಕ್ಸ್‌ಪೊಸಿಷನ್’ ಎಂದು ಕರೆಯಲಾಗುವ ಕೈಪಿಡಿಯನ್ನು ಸಲ್ಲಿಸತಕ್ಕದ್ದು. ಈ ಕೈಪಿಡಿಯೇ ಇಡೀ ವ್ಯವಸ್ಥೆಯ ತಾಯಿಬೇರು. ನಿಯಮಗಳನ್ನು ಸದಾಕಾಲ ಪಾಲಿಸುವುದಾಗಿ ಹೊಣೆಗಾರ ವ್ಯವಸ್ಥಾಪಕರು ಸಹಿ ಮಾಡಿದ ಹೇಳಿಕೆ, ಬೋಧಕರು ಮತ್ತು ಪರೀಕ್ಷಕರ ಪಟ್ಟಿ, ತರಬೇತಿ ನಡೆಯುವ ಪ್ರತಿಯೊಂದು ಸ್ಥಳದ ವಿವರ, ನಡೆಸಲಿರುವ ಕೋರ್ಸುಗಳ ಪಟ್ಟಿ, ಪರೀಕ್ಷಾ ವಿಧಾನ ಮತ್ತು ಗುಣಮಟ್ಟ ಪರಿಶೋಧನೆಯ ವಿಧಾನ ಇದರಲ್ಲಿ ಇರಬೇಕು. ಹೊಣೆಗಾರ ವ್ಯವಸ್ಥಾಪಕರೆಂದರೆ ತರಬೇತಿಗೆ ಬೇಕಾದ ಹಣವನ್ನು ಒದಗಿಸುವ ಅಧಿಕಾರವುಳ್ಳ ವ್ಯಕ್ತಿ. ಹಣದ ಅಧಿಕಾರ ಒಬ್ಬರಲ್ಲಿ, ಸಹಿಯ ಹೊಣೆ ಮತ್ತೊಬ್ಬರಲ್ಲಿ ಇದ್ದರೆ ಏನಾಗುತ್ತದೆಂಬುದು ಲೆಕ್ಕಪತ್ರ ಬಲ್ಲ ಯಾರಿಗಾದರೂ ತಿಳಿದ ವಿಷಯ. ಈ ಸ್ಥಾನ ಖಾಲಿ ಇರುವುದನ್ನು ತಪಾಸಣೆಯಲ್ಲಿ ಅತ್ಯಂತ ಗಂಭೀರವಾದ ಮೊದಲ ಹಂತದ ನ್ಯೂನತೆಯಾಗಿ ಪರಿಗಣಿಸುವುದು ಸರಿಯಾಗಿಯೇ ಇದೆ. ಪರೀಕ್ಷೆಯನ್ನೇ ಅಸಿಂಧುಗೊಳಿಸುವಂತಹ ಅಕ್ರಮವೂ ಅದೇ ಹಂತಕ್ಕೆ ಸೇರುತ್ತದೆ.

ಬಿ1.1 ಮತ್ತು ಬಿ2 ಮೂಲ ಕೋರ್ಸಿನ ಅವಧಿ 2400 ಗಂಟೆಗಳು. ಇದರಲ್ಲಿ ಶೇಕಡ 50ರಿಂದ 60ರಷ್ಟು ಸಿದ್ಧಾಂತ, ಉಳಿದದ್ದು ಪ್ರಾಯೋಗಿಕ. ಸಿದ್ಧಾಂತದ ತರಗತಿಯಲ್ಲಿ 28ಕ್ಕಿಂತ ಹೆಚ್ಚು ವಿದ್ಯಾರ್ಥಿಗಳು ಇರತಕ್ಕದ್ದಲ್ಲ. ಪ್ರಾಯೋಗಿಕ ತರಬೇತಿಯಲ್ಲಿ ಒಬ್ಬ ಮೇಲ್ವಿಚಾರಕರಿಗೆ 15 ವಿದ್ಯಾರ್ಥಿಗಳನ್ನು ಮೀರಬಾರದು. ಈ ಎರಡು ಸಂಖ್ಯೆಗಳನ್ನು ಪರಿಶೀಲಿಸಲು ತಾಂತ್ರಿಕ ಜ್ಞಾನ ಬೇಕಿಲ್ಲ. ಪೋಷಕರು ಒಂದು ದಿನ ಸಂಸ್ಥೆಗೆ ಭೇಟಿ ನೀಡಿ ತರಗತಿಯನ್ನೂ ಕಾರ್ಯಾಗಾರವನ್ನೂ ನೋಡಿದರೆ ಸಾಕು. ಪ್ರಶ್ನೆಪತ್ರಿಕೆ ಮತ್ತು ತರಬೇತಿ ದಾಖಲೆಗಳನ್ನು ಭದ್ರವಾಗಿಡಲು ಪ್ರತ್ಯೇಕ ವ್ಯವಸ್ಥೆ, ತಾಂತ್ರಿಕ ಗ್ರಂಥಾಲಯ, ಬೋಧಕರ ಅರ್ಹತೆಯ ಕಡತ ಇವೂ ಇರಬೇಕು. ಬೋಧಕರು ಪ್ರತಿ 24 ತಿಂಗಳಿಗೊಮ್ಮೆ ತಮ್ಮ ಜ್ಞಾನವನ್ನು ನವೀಕರಿಸಿಕೊಳ್ಳುವ ತರಬೇತಿ ಪಡೆದಿರಬೇಕು, ಅದಕ್ಕೂ ದಾಖಲೆ ಇರಬೇಕು.

ವಿದ್ಯಾರ್ಥಿಯ ಹಾಜರಾತಿ, ಆಂತರಿಕ ಪರೀಕ್ಷೆಯ ಅಂಕಗಳು ಮತ್ತು ಪ್ರಾಯೋಗಿಕ ಮೌಲ್ಯಮಾಪನದ ದಾಖಲೆಗಳನ್ನು ಸಂಸ್ಥೆಯೇ ಕಾಪಾಡಬೇಕು. ಇವು ಸಂಸ್ಥೆಯ ಕಪಾಟಿನಲ್ಲಿದ್ದರೂ ವಾಸ್ತವವಾಗಿ ವಿದ್ಯಾರ್ಥಿಯ ಆಸ್ತಿಯಿದ್ದಂತೆ. ಸಂಸ್ಥೆಯೊಂದು ಮುಚ್ಚಿಹೋದಲ್ಲಿ ಅಥವಾ ಅದರ ಅನುಮೋದನೆ ಅಮಾನತಾದಲ್ಲಿ, ಆ ದಿನದವರೆಗೆ ಪೂರೈಸಿದ ಗಂಟೆಗಳಿಗೆ ಬೇರೆ ಸಾಕ್ಷ್ಯವಿರುವುದಿಲ್ಲ. ಆದುದರಿಂದ ಪ್ರತಿ ಸೆಮಿಸ್ಟರ್ ಮುಗಿದೊಡನೆ ದೃಢೀಕೃತ ನಕಲನ್ನು ಪಡೆದುಕೊಳ್ಳುವುದು ಸೂಕ್ತ. ಪ್ರಾಯೋಗಿಕ ಕೆಲಸದ ಲಾಗ್ ಪುಸ್ತಕಕ್ಕೆ ಆಯಾ ದಿನವೇ ಸಹಿ ಪಡೆಯಬೇಕು. ವರ್ಷದ ಕೊನೆಯಲ್ಲಿ ಒಟ್ಟಿಗೆ ಸಹಿ ಹಾಕಿಸಿಕೊಂಡ ಪುಸ್ತಕವು ನೋಡಿದೊಡನೆಯೇ ಸಂಶಯಕ್ಕೆ ಎಡೆಮಾಡುತ್ತದೆ.

ವಿದ್ಯಾರ್ಥಿಯು ಗಮನಿಸಬೇಕಾದದ್ದು

ಪ್ರವೇಶಕ್ಕೆ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತ ವಿಷಯಗಳೊಡನೆ ಹತ್ತು ಮತ್ತು ಎರಡು ಅಥವಾ ತತ್ಸಮಾನ ಪರೀಕ್ಷೆಯಲ್ಲಿ ಉತ್ತೀರ್ಣರಾಗಿರಬೇಕು. ನಮ್ಮ ರಾಜ್ಯದಲ್ಲಿ ಪಿಸಿಎಂಬಿ, ಪಿಸಿಎಂಸಿ, ಪಿಸಿಎಂಇ ಯಾವ ಸಂಯೋಜನೆಯಾದರೂ ಈ ಮೂರು ವಿಷಯಗಳು ಅದರಲ್ಲಿ ಅಡಕವಾಗಿವೆ. ವಾಣಿಜ್ಯ ಅಥವಾ ಕಲಾ ವಿಭಾಗದವರಿಗೂ ಪ್ರವೇಶ ಉಂಟು ಎಂದು ಯಾರಾದರೂ ಹೇಳಿದಲ್ಲಿ ಆ ಸಂಸ್ಥೆಯ ಉಳಿದ ಮಾತುಗಳನ್ನೂ ಪರೀಕ್ಷಿಸಿ ನೋಡುವುದು ಲೇಸು.

ಸಂಸ್ಥೆಯು ನೀಡುವುದು ಕೋರ್ಸ್ ಪೂರ್ಣಗೊಳಿಸಿದ ಪ್ರಮಾಣಪತ್ರ ಮಾತ್ರ. ಲೈಸೆನ್ಸಿನ ಮಾಡ್ಯೂಲ್ ಪರೀಕ್ಷೆಗಳನ್ನು ಡಿ.ಜಿ.ಸಿ.ಎ.ಯ ಕೇಂದ್ರೀಯ ಪರೀಕ್ಷಾ ಸಂಘಟನೆಯು ನಡೆಸುತ್ತದೆ. ಪ್ರತಿ ಮಾಡ್ಯೂಲಿನಲ್ಲಿ ಉತ್ತೀರ್ಣರಾಗಲು ಶೇಕಡ 75 ಅಂಕ ಅಗತ್ಯ. ಅಭ್ಯರ್ಥಿಗೆ ನೀಡಲಾಗುವ ಕಂಪ್ಯೂಟರ್ ಸಂಖ್ಯೆಯನ್ನು ಮುಂದಿನ ಎಲ್ಲ ಪತ್ರವ್ಯವಹಾರಗಳಲ್ಲಿ ನಮೂದಿಸಬೇಕಾಗುತ್ತದೆ. ಅಂಕಪಟ್ಟಿಯಲ್ಲಿರುವ ಹೆಸರು ಮತ್ತು ಜನ್ಮದಿನಾಂಕ ಇತರ ಗುರುತಿನ ದಾಖಲೆಗಳೊಡನೆ ತಾಳೆಯಾಗುವಂತೆ ಮೊದಲೇ ಸರಿಪಡಿಸಿಕೊಳ್ಳತಕ್ಕದ್ದು. ನಮ್ಮಲ್ಲಿ ತಂದೆಯ ಹೆಸರಿನ ಅಥವಾ ಊರಿನ ಮೊದಲಕ್ಷರವನ್ನು ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಬರೆಯುವ ರೂಢಿ ಇರುವುದರಿಂದ ಈ ಎಚ್ಚರಿಕೆ ಅಗತ್ಯ. ಹತ್ತನೆಯ ಮಾಡ್ಯೂಲ್ ವಿಮಾನಯಾನ ಶಾಸನಕ್ಕೆ ಸಂಬಂಧಿಸಿದ್ದು. ಬಾಯಿಪಾಠದ ವಿಷಯವೆಂದು ಅದನ್ನು ಕೊನೆಗೆ ಉಳಿಸಿಕೊಳ್ಳುವವರುಂಟು. ತಮ್ಮ ಹಕ್ಕು ಮತ್ತು ಸಂಸ್ಥೆಯ ಹೊಣೆ ಎರಡನ್ನೂ ತಿಳಿಸುವ ಈ ವಿಷಯವನ್ನು ಮೊದಲ ವರ್ಷವೇ ಓದಿಕೊಂಡರೆ ಒಳಿತು.

ಅನುಮೋದಿತ ಸಂಸ್ಥೆಗಳ ಪಟ್ಟಿಯನ್ನು ಡಿ.ಜಿ.ಸಿ.ಎ.ಯು ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ. ಸಂದೇಹವಿದ್ದಲ್ಲಿ ಬೆಂಗಳೂರಿನಲ್ಲಿರುವ ಅದರ ಪ್ರಾದೇಶಿಕ ಕಚೇರಿಗೆ ಲಿಖಿತವಾಗಿ ಬರೆದು ಉತ್ತರ ಪಡೆಯಬಹುದು. ಶುಲ್ಕ ಪಾವತಿಸುವ ಮುನ್ನ ಅನುಮೋದನಾ ಪತ್ರದಲ್ಲಿನ ವಿಳಾಸ, ವರ್ಗ ಮತ್ತು ಮಾನ್ಯತೆಯ ಅವಧಿಯನ್ನು ಪಟ್ಟಿಯೊಡನೆ ತಾಳೆ ನೋಡಿ, ಅದರ ನಕಲನ್ನು ಕೇಳಿ ಪಡೆದು ಶುಲ್ಕದ ರಸೀದಿಯೊಡನೆ ಇಟ್ಟುಕೊಳ್ಳತಕ್ಕದ್ದು. ರಸೀದಿಯಲ್ಲಿ ಕೋರ್ಸಿನ ವರ್ಗವನ್ನೂ ಬರೆಸಿಕೊಳ್ಳಬೇಕು.