ಚಲನಚಿತ್ರ ಚಿತ್ರೀಕರಣ ಸ್ಥಳಗಳಿಗೆ ಕಾಲ್ನಡಿಗೆ: ಸಕಲೇಶಪುರ–ಆಲೂರು ಭಾಗಕ್ಕೆ ಬರುವ ಸಾರ್ವಜನಿಕರ ಗಮನಕ್ಕೆ

ಹಾಸನ ಜಿಲ್ಲೆಯ ಸಕಲೇಶಪುರ ಹಾಗೂ ಆಲೂರು ತಾಲ್ಲೂಕುಗಳ ಗುಡ್ಡಗಾಡು ಕನ್ನಡ ಚಲನಚಿತ್ರ ಪ್ರೇಕ್ಷಕರಿಗೆ ಚಿರಪರಿಚಿತವಾಗಿದೆ. 2006ರಲ್ಲಿ ಬಿಡುಗಡೆಯಾದ ‘ಮುಂಗಾರು ಮಳೆ’ ಚಿತ್ರದ ಕೆಲವು ದೃಶ್ಯಗಳು ಸಕಲೇಶಪುರ ಪರಿಸರದಲ್ಲಿ ಚಿತ್ರೀಕರಣಗೊಂಡಿವೆ. 2025ರ ಅಕ್ಟೋಬರ್ 2ರಂದು ತೆರೆಕಂಡ ‘ಕಾಂತಾರ: ಅಧ್ಯಾಯ 1’ ಚಿತ್ರದ ಚಿತ್ರೀಕರಣವು ಅದೇ ವರ್ಷದ ಜನವರಿಯಲ್ಲಿ ಯಸಳೂರು ಸಮೀಪದ ಹೆರೂರು, ಗವಿಗುಡ್ಡ ಪ್ರದೇಶದಲ್ಲಿ ನಡೆದಿತ್ತು. ಮೆಚ್ಚಿದ ಚಿತ್ರದ ಸ್ಥಳವನ್ನು ನಡೆದು ನೋಡಬೇಕೆಂಬ ಅಪೇಕ್ಷೆ ಸಹಜವಾದುದು. ಆದರೆ ಚಿತ್ರತಂಡಕ್ಕೆ ನೀಡಲಾಗುವ ಅನುಮತಿಯು ನಿಗದಿತ ಸ್ಥಳ ಮತ್ತು ನಿಗದಿತ ದಿನಗಳಿಗೆ ಸೀಮಿತವಾದುದು. ತೆರೆಯ ಮೇಲೆ ಕಂಡ ಮಾತ್ರಕ್ಕೆ ಯಾವುದೇ ಸ್ಥಳವು ಸಾರ್ವಜನಿಕ ಪ್ರವೇಶಕ್ಕೆ ಮುಕ್ತವಾಗುವುದಿಲ್ಲ ಎಂಬುದನ್ನು ಗಮನಿಸತಕ್ಕದ್ದು.

1. ಜಮೀನಿನ ಸ್ವರೂಪ

ಈ ಭಾಗದಲ್ಲಿ ಒಂದೇ ಗುಡ್ಡದ ಒಂದು ಮಗ್ಗುಲು ಗೋಮಾಳವಾಗಿದ್ದು, ಇನ್ನೊಂದು ಮಗ್ಗುಲು ಅರಣ್ಯ ಅಥವಾ ಖಾಸಗಿ ಕಾಫಿ ತೋಟವಾಗಿರಬಹುದು. ಗಡಿಯು ಕಣ್ಣಿಗೆ ಕಾಣುವುದಿಲ್ಲ. ಗವಿಗುಡ್ಡದ ಚಿತ್ರೀಕರಣದ ಸಂದರ್ಭದಲ್ಲಿಯೂ ಗೋಮಾಳ ಮತ್ತು ಅರಣ್ಯದ ಪ್ರಶ್ನೆಯೇ ಎದ್ದು, ಅರಣ್ಯಕ್ಕೆ ಹಾನಿಯಾಗಿದೆ ಎಂಬ ಸ್ಥಳೀಯರ ದೂರಿನ ಮೇರೆಗೆ ಪರಿಶೀಲನೆಗೆ ಅರಣ್ಯ ಸಚಿವರು ಸೂಚಿಸಿದ್ದರು.

ಹೊರಡುವ ಮುನ್ನ ಭೂಮಾಪನ ಇಲಾಖೆಯ ‘ದಿಶಾಂಕ್’ ಆ್ಯಪ್‌ನಲ್ಲಿ ಸ್ಥಳದ ಸರ್ವೆ ನಂಬರನ್ನು ತಿಳಿದುಕೊಂಡು, ‘ಭೂಮಿ’ ಜಾಲತಾಣದಲ್ಲಿ ಪಹಣಿಯನ್ನು ಪರಿಶೀಲಿಸಬಹುದು. ತದನಂತರ:

(ಅ) ಖಾಸಗಿ ತೋಟವಾಗಿದ್ದಲ್ಲಿ ಮಾಲೀಕರ ಒಪ್ಪಿಗೆ ಪಡೆಯುವುದು. ಬೇಲಿ ದಾಟುವುದು, ಹಣ್ಣು ಕೀಳುವುದು ಸಲ್ಲದು.

(ಆ) ಅರಣ್ಯವಾಗಿದ್ದಲ್ಲಿ ಸಂಬಂಧಿಸಿದ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸುವುದು. ಇಲಾಖೆಯು ಗುರುತಿಸಿದ ಚಾರಣ ಪಥಗಳಿಗೆ ‘ಅರಣ್ಯ ವಿಹಾರ’ ಜಾಲತಾಣದ ಮೂಲಕ ಮುಂಗಡ ನೋಂದಣಿಗೆ ಅವಕಾಶವಿದೆ. ಅನುಮತಿಯಿಲ್ಲದೆ ಮೀಸಲು ಅರಣ್ಯವನ್ನು ಪ್ರವೇಶಿಸುವುದು ಕರ್ನಾಟಕ ಅರಣ್ಯ ಅಧಿನಿಯಮ, 1963ರನ್ವಯ ಅಪರಾಧವಾಗುತ್ತದೆ.

(ಇ) ಗೋಮಾಳವಾಗಿದ್ದಲ್ಲಿ ಗ್ರಾಮಸ್ಥರಿಗೆ ಮುಂಚಿತವಾಗಿ ತಿಳಿಸುವುದು. ಅದು ಊರಿನ ದನಕರುಗಳ ಮೇವಿನ ನೆಲೆಯಾಗಿರುವುದರಿಂದ ಹುಲ್ಲಿನ ಮೇಲೆ ವಾಹನ ಓಡಿಸಬಾರದು.

2. ಕಾಡಾನೆಗಳ ಸಂಚಾರ

ಆಲೂರು, ಸಕಲೇಶಪುರ ಭಾಗದಲ್ಲಿ ಕಾಡಾನೆಗಳು ತೋಟಗಳ ನಡುವೆಯೇ ಸಂಚರಿಸುತ್ತವೆ. ಮೈಸೂರು ದಸರಾದಲ್ಲಿ 2012ರಿಂದ 2019ರವರೆಗೆ ಎಂಟು ಬಾರಿ ಅಂಬಾರಿ ಹೊತ್ತ ಅರ್ಜುನನು 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ನಡೆದ ಕಾರ್ಯಾಚರಣೆಯಲ್ಲಿ ಕಾಡಾನೆಯೊಂದಿಗಿನ ಕಾಳಗದಲ್ಲಿ ಮೃತಪಟ್ಟನು. ಪಳಗಿದ ಆನೆ, ಮಾವುತರು, ನುರಿತ ಸಿಬ್ಬಂದಿ ಇದ್ದ ಕಡೆಯಲ್ಲಿಯೇ ಹೀಗಾದುದನ್ನು ಬರಿಗೈಯಲ್ಲಿ ಬರುವ ಪ್ರವಾಸಿಗರು ಮರೆಯಬಾರದು. ಆದುದರಿಂದ:

(ಅ) ಮುಂಜಾನೆ ಮಂಜು ಕರಗುವ ಮುನ್ನ ಮತ್ತು ಸಂಜೆ ಕತ್ತಲಾಗುವ ವೇಳೆ ನಡೆಯಬಾರದು.

(ಆ) ಅಂದಿನ ಆನೆಗಳ ಇರುವಿಕೆಯ ಬಗ್ಗೆ ಅರಣ್ಯ ಸಿಬ್ಬಂದಿಯನ್ನು ಅಥವಾ ತೋಟದ ಕಾರ್ಮಿಕರನ್ನು ಕೇಳಿ ಹೊರಡುವುದು. ಅವರು ಬೇಡವೆಂದಲ್ಲಿ ಹಿಂದಿರುಗುವುದು.

(ಇ) ಆನೆ ಕಂಡಲ್ಲಿ ಛಾಯಾಚಿತ್ರಕ್ಕಾಗಿ ನಿಲ್ಲದೆ, ಕೂಗಾಡದೆ, ಬಂದ ದಾರಿಯಲ್ಲಿಯೇ ದೂರ ಸರಿಯುವುದು.

ಅರಣ್ಯ ಸಹಾಯವಾಣಿ: 1926. ತುರ್ತು ಸೇವೆ: 112.

3. ರೈಲು ಹಳಿಯ ಮೇಲೆ ನಡೆಯುವುದು

ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ಘಟ್ಟ ಮಾರ್ಗದಲ್ಲಿ ಗೇಜ್ ಪರಿವರ್ತನೆಗಾಗಿ 1996ರಲ್ಲಿ ಸಂಚಾರ ನಿಂತಿದ್ದ ಅವಧಿಯಲ್ಲಿ ಹಳಿಯ ಮೇಲಿನ ಚಾರಣ ಪ್ರಚಾರಕ್ಕೆ ಬಂದಿತು. 2006ರಲ್ಲಿ ಸರಕು ರೈಲುಗಳೂ, 2007ರ ಡಿಸೆಂಬರ್‌ನಲ್ಲಿ ಪ್ರಯಾಣಿಕರ ರೈಲುಗಳೂ ಪುನರಾರಂಭಗೊಂಡವು. 57 ಸುರಂಗಗಳಿರುವ ಈ ಮಾರ್ಗದಲ್ಲಿ ರೈಲು ಬಂದಲ್ಲಿ ಪಕ್ಕಕ್ಕೆ ಸರಿಯಲು ಎಲ್ಲೆಡೆಯೂ ಸ್ಥಳಾವಕಾಶವಿರುವುದಿಲ್ಲ. ಹಳಿಯ ಮೇಲೆ ಅತಿಕ್ರಮ ಪ್ರವೇಶಕ್ಕೆ ರೈಲ್ವೆ ಅಧಿನಿಯಮ, 1989ರ ಪ್ರಕರಣ 147ರನ್ವಯ ಆರು ತಿಂಗಳವರೆಗೆ ಕಾರಾವಾಸ ಅಥವಾ ರೂ. 1,000ದವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಈ ಕಣಿವೆಯನ್ನು ನೋಡಲಿಚ್ಛಿಸುವವರು ಹಗಲು ರೈಲಿನಲ್ಲಿ ಪ್ರಯಾಣಿಸುವುದು ಸೂಕ್ತ.

4. ಋತು ಮತ್ತು ಸಿದ್ಧತೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹೆಚ್ಚಿದ್ದು, ಹಾದಿ ಜಾರುತ್ತದೆ. ಇಂಬಳಗಳ ಕಾಟವೂ ಇರುತ್ತದೆ. ಬೇಸಿಗೆಯಲ್ಲಿ ಒಣಹುಲ್ಲಿಗೆ ಕಿಡಿ ತಗಲುವ ಸಂಭವವಿರುವುದರಿಂದ ಬೀಡಿ, ಸಿಗರೇಟು, ಒಲೆ ನಿಷಿದ್ಧ. ಮಳೆ ನಿಂತ ನಂತರದ ಅಕ್ಟೋಬರ್‌ನಿಂದ ಜನವರಿಯವರೆಗಿನ ಅವಧಿ ನಡಿಗೆಗೆ ಹಿತಕರವಾಗಿರುತ್ತದೆ. ಗುಡ್ಡಗಳಲ್ಲಿ ಮೊಬೈಲ್ ಸಂಪರ್ಕ ಎಲ್ಲೆಡೆ ದೊರೆಯದ ಕಾರಣ, ಹೋಗುವ ಸ್ಥಳ ಹಾಗೂ ಹಿಂದಿರುಗುವ ವೇಳೆಯನ್ನು ಮನೆಯವರಿಗೆ ತಿಳಿಸಿರತಕ್ಕದ್ದು.

5. ವಯೋವೃದ್ಧರು ಮತ್ತು ಮಕ್ಕಳೊಂದಿಗೆ ಬರುವವರಿಗೆ

ಸಕಲೇಶಪುರದಿಂದ ಮಂಗಳೂರು ಕಡೆಗೆ ಹೋಗುವ ಹೆದ್ದಾರಿಯಲ್ಲಿ ದೋಣಿಗಾಲ್ ಬಳಿ ಇರುವ, ಟಿಪ್ಪು ಸುಲ್ತಾನನ ಕಾಲದ ನಕ್ಷತ್ರಾಕಾರದ ಮಂಜರಾಬಾದ್ ಕೋಟೆಗೆ ಮೆಟ್ಟಿಲುಗಳಿವೆ. ಚಿತ್ರಗಳಲ್ಲಿ ಕಂಡ ಮಂಜು, ಹಸಿರು ಗುಡ್ಡಗಳ ಸಾಲನ್ನು ಅಲ್ಲಿಂದಲೇ ನೋಡಬಹುದಾಗಿದೆ.

ಚಿತ್ರೀಕರಣಕ್ಕಾಗಿ ಹಾಕುವ ಸೆಟ್ಟುಗಳು ತಾತ್ಕಾಲಿಕವಾದವು. ಕೆಲಸ ಮುಗಿದ ಮೇಲೆ ಉಳಿಯುವುದು ಗುಡ್ಡ, ಹುಲ್ಲು ಮತ್ತು ಅಲ್ಲಿ ಬಾಳುವ ಜನ, ಜಾನುವಾರು, ವನ್ಯಜೀವಿಗಳು ಮಾತ್ರ. ನೋಡಲು ಬರುವವರು ಅವುಗಳನ್ನು ಇದ್ದಂತೆಯೇ ಬಿಟ್ಟು, ತಾವು ತಂದ ಪ್ಲಾಸ್ಟಿಕ್ ಇತ್ಯಾದಿಗಳನ್ನು ಮರಳಿ ಕೊಂಡೊಯ್ಯಬೇಕಾಗಿ ಕೋರಲಾಗಿದೆ.